ಬಾಗಿದ ತೊಲೆಯ ಲೆಕ್ಕ: ಕಂಪ್ಯೂಟರಿಗೆ ಒಪ್ಪಿಸುವ ಮುನ್ನ ಮತ್ತು ಆಮೇಲೆ

ನೇರ ತೊಲೆಯಲ್ಲಿ ಬಾಗುವಿಕೆಯನ್ನೂ ಅಕ್ಷದುದ್ದದ ಎಳೆತವನ್ನೂ ಬೇರೆಬೇರೆಯಾಗಿ ಲೆಕ್ಕಹಾಕಿ ಕೂಡಿಸಬಹುದು. ಬಾಗಿದ ತೊಲೆಯಲ್ಲಿ ಅವೆರಡೂ ಹೆಣೆದುಕೊಂಡಿರುವುದರಿಂದ, ಸಾಫ್ಟ್‌ವೇರ್ ಕೊಟ್ಟ ಉತ್ತರ ಸರಿಯೇ ಎಂದು ಅಳೆಯಲು ಕೈಲೆಕ್ಕದ ಒಂದು ಒರೆಗಲ್ಲು ಬೇಕೇ ಬೇಕು.

ಮೊದಲು ತೊಲೆಯ ಆಳವನ್ನು ತ್ರಿಜ್ಯದೊಂದಿಗೆ ಹೋಲಿಸಿ. ಒಳತ್ರಿಜ್ಯ 100 ಮಿ.ಮೀ., ಹೊರತ್ರಿಜ್ಯ 200 ಮಿ.ಮೀ. ಇರುವ ಆಯತಾಕಾರದ ಛೇದದಲ್ಲಿ ತಟಸ್ಥ ಅಕ್ಷದ (ಬಾಗಿದಾಗ ಹಿಗ್ಗದೆ ಕುಗ್ಗದೆ ಉಳಿಯುವ ಪದರದ) ತ್ರಿಜ್ಯ 100ನ್ನು 2ರ ಸ್ವಾಭಾವಿಕ ಲಾಗರಿದಮ್‌ನಿಂದ ಭಾಗಿಸಿದಷ್ಟು, ಅಂದರೆ 144.3 ಮಿ.ಮೀ. ಅದು ಮಧ್ಯರೇಖೆಗಿಂತ 5.7 ಮಿ.ಮೀ. ಒಳಗೆ ಸರಿದಿದೆ. ಈ ಸಣ್ಣ ಸರಿತದಿಂದಲೇ ಒಳ ಅಂಚಿನ ಬಾಗು ಒತ್ತಡ ನೇರ ತೊಲೆಯ ಸೂತ್ರ ಹೇಳುವುದಕ್ಕಿಂತ ಸುಮಾರು ಶೇ. 29ರಷ್ಟು ಹೆಚ್ಚುತ್ತದೆ. ತ್ರಿಜ್ಯವು ಆಳದ ಹತ್ತು ಪಟ್ಟಿಗಿಂತ ಹೆಚ್ಚಿದ್ದರೆ ಈ ತಿದ್ದುಪಡಿ ಅಷ್ಟಾಗಿ ಕಾಡದು.

ಈಗ ತೆಳುವಾದ ಕಾಲುವೃತ್ತದ ತೊಲೆಯೊಂದನ್ನು ತೆಗೆದುಕೊಳ್ಳೋಣ: ಬುಡ ನೆಲಕ್ಕೆ ಬಿಗಿಯಾಗಿದೆ, ಕಾಂಡ ನೆಟ್ಟಗೆ ಎದ್ದು ಬಾಗುತ್ತಾ ಹೋಗಿ ತುದಿಯಲ್ಲಿ ಅಡ್ಡವಾಗಿ ನಿಲ್ಲುತ್ತದೆ. ತುದಿಯನ್ನು ಅಡ್ಡಕ್ಕೆ ಎಳೆದರೆ, ತುದಿಯಿಂದ ಅಳೆದ ಕೋನದಲ್ಲಿ ಮೊಮೆಂಟ್ (ತೊಲೆಯನ್ನು ಅಲ್ಲಿ ಬಾಗಿಸುವ ಪರಿಣಾಮ) ಎಂಬುದು ಬಲ, ತ್ರಿಜ್ಯ ಮತ್ತು (1 – ಕೊಸೈನ್) ಇವುಗಳ ಗುಣಲಬ್ಧ. ಇಟಲಿಯ ಕ್ಯಾಸ್ಟಿಗ್ಲಿಯಾನೋ 1873ರಲ್ಲಿ ಮಂಡಿಸಿದ ಪ್ರಮೇಯದಂತೆ, ಈ (1 – ಕೊಸೈನ್)ನ ವರ್ಗವನ್ನು 0ಯಿಂದ 90 ಡಿಗ್ರಿವರೆಗೆ ಅನುಕಲಿಸಿ, ಬಲದಿಂದಲೂ ತ್ರಿಜ್ಯದ ಘನದಿಂದಲೂ ಗುಣಿಸಿ, ಬಾಗುದೃಢತೆಯಿಂದ (ಬಾಗುವುದಕ್ಕೆ ತೊಲೆ ಒಡ್ಡುವ ಪ್ರತಿರೋಧದಿಂದ) ಭಾಗಿಸಿದರೆ, ಎಳೆದ ದಿಕ್ಕಿನಲ್ಲಿ ತುದಿಯ ಸರಿತ ಸಿಗುತ್ತದೆ. ಅನುಕಲನದ ನಿಖರ ಬೆಲೆ 0.3562.

ಇದನ್ನೇ ಸಿಂಪ್ಸನ್ ನಿಯಮದಿಂದ, ಅಂದರೆ ಕೆಲವೇ ಬಿಂದುಗಳ ಬೆಲೆಗಳಿಂದ ಅನುಕಲನವನ್ನು ಅಂದಾಜಿಸುವ ವಿಧಾನದಿಂದ, ಮಾಡಿ ನೋಡಿ. ಕೋನವನ್ನು ಎರಡು ಭಾಗ ಮಾಡಿದರೆ 0.3516 ಬರುತ್ತದೆ, ದೋಷ ಶೇ. 1.3. ನಾಲ್ಕು ಭಾಗ ಮಾಡಿದರೆ 0.3559, ದೋಷ ಶೇ. 0.1ಕ್ಕಿಂತ ಕಡಿಮೆ. ತುದಿಗೆ ಲಂಬ ಭಾರ ಹಾಕಿ, ಅದರ ದಿಕ್ಕಿನಲ್ಲೇ ಸರಿತ ಅಳೆದರೆ ಅನುಕಲಿಸಬೇಕಾದದ್ದು ಸೈನ್‌ನ ವರ್ಗ. ಆಗ ಎರಡೇ ಭಾಗಗಳಲ್ಲಿ ನಿಖರ ಉತ್ತರ ಬಂದುಬಿಡುತ್ತದೆ. ಅದು ಆ ಫಲನದ ಸಮಮಿತಿಯ ಕೊಡುಗೆಯೇ ಹೊರತು ವಿಧಾನದ ಶಕ್ತಿಯಲ್ಲ. ಆದ್ದರಿಂದ ಒರೆಗಲ್ಲಾಗಿ ಅಡ್ಡ ಎಳೆತವನ್ನೇ ಇಟ್ಟುಕೊಳ್ಳಿ.

ಮುಂದಿನದು ಫೈನೈಟ್ ಎಲಿಮೆಂಟ್, ಅಂದರೆ ತೊಲೆಯನ್ನು ಸಣ್ಣ ತುಂಡುಗಳಾಗಿ (ಎಲಿಮೆಂಟುಗಳಾಗಿ) ಒಡೆದು ಕಂಪ್ಯೂಟರಿನಲ್ಲಿ ಲೆಕ್ಕಹಾಕುವ ವಿಧಾನ. ಕಮಾನನ್ನು ನಾಲ್ಕು ನೇರ ತುಂಡುಗಳಿಂದ ಕಟ್ಟಿದರೆ ಪ್ರತಿ ಜ್ಯಾ ತನ್ನ ಚಾಪಕ್ಕಿಂತ ಶೇ. 0.64ರಷ್ಟು ಗಿಡ್ಡ, ಎಂಟು ತುಂಡು ಮಾಡಿದರೆ ಈ ಕೊರತೆ ಕಾಲುಭಾಗಕ್ಕೆ ಇಳಿಯುತ್ತದೆ.

ನಿಜವಾದ ಅಪಾಯ ಇರುವುದು ಬಾಗಿದ ಎಲಿಮೆಂಟುಗಳಲ್ಲಿ. ಅಲ್ಲಿ ಅಕ್ಷದ ಹಿಗ್ಗುವಿಕೆಗೆ ಎರಡು ಪದಗಳಿವೆ: ಸ್ಪರ್ಶರೇಖೆಯ ಸರಿತ ಚಾಪದುದ್ದಕ್ಕೂ ಬದಲಾಗುವ ದರ, ಮತ್ತು ಅರೀಯ ಸರಿತವನ್ನು ತ್ರಿಜ್ಯದಿಂದ ಭಾಗಿಸಿದ ಮೊತ್ತ. ತೆಳು ತೊಲೆ ಹೆಚ್ಚುಕಡಿಮೆ ಹಿಗ್ಗದೆಯೇ ಬಾಗುವುದರಿಂದ ಇವೆರಡೂ ಒಂದನ್ನೊಂದು ಅಳಿಸಬೇಕು. ಎಲಿಮೆಂಟಿನೊಳಗಿನ ಸರಿತವನ್ನು ಅಂದಾಜಿಸುವ ಸರಳ ರೇಖೀಯ ಫಲನಗಳಿಗೆ ಅದು ಎಲ್ಲ ಬಿಂದುಗಳಲ್ಲೂ ಸಾಧ್ಯವಾಗದೆ, ಇಲ್ಲದ ಹಿಗ್ಗುವಿಕೆ ಹುಟ್ಟಿ, ತೊಲೆ ಸುಳ್ಳೇ ಗಡುಸಾಗುತ್ತದೆ. ಇದಕ್ಕೆ ಮೆಂಬ್ರೇನ್ ಲಾಕಿಂಗ್ ಎನ್ನುತ್ತಾರೆ.

ಇದನ್ನು ಹಿಡಿಯಲು ಎಲಿಮೆಂಟುಗಳ ಸಂಖ್ಯೆಯನ್ನು ಹಾಗೇ ಇಟ್ಟು ದಪ್ಪವನ್ನು ಮಾತ್ರ ಹಂತಹಂತವಾಗಿ ತಗ್ಗಿಸಿ. ಅಡ್ಡ ಎಳೆತದಿಂದ ಬಂದ ಸರಿತವನ್ನು ಬಾಗುದೃಢತೆಯಿಂದ ಗುಣಿಸಿ, ಬಲದಿಂದಲೂ ತ್ರಿಜ್ಯದ ಘನದಿಂದಲೂ ಭಾಗಿಸಿದಾಗ ಅದು 0.3562ರ ಬಳಿ ನಿಲ್ಲಬೇಕು. ದಪ್ಪ ಇಳಿದಂತೆ ಸೊನ್ನೆಯತ್ತ ಜಾರಿದರೆ ಎಲಿಮೆಂಟ್ ಲಾಕ್ ಆಗಿದೆ. ಆಗ ಅಕ್ಷೀಯ (ಹಿಗ್ಗುವಿಕೆಯ) ಮತ್ತು ಕತ್ತರಿ (ಛೇದಗಳು ಒಂದರ ಮೇಲೊಂದು ಜಾರುವ ವಿರೂಪದ) ಪದಗಳಿಗೆ ಒಂದೇ ಗಾಸ್ ಬಿಂದುವಿನ (ಬೆಲೆ ಲೆಕ್ಕಹಾಕಲು ಎಲಿಮೆಂಟಿನೊಳಗೆ ಆರಿಸಿದ ಬಿಂದುವಿನ) ಅನುಕಲನ ಬಳಸಿ, ಅದೇ ಪರೀಕ್ಷೆಯನ್ನು ಮೊದಲಿನಿಂದ ಮಾಡಿ.