ವಿಡಾಲ್ ದ್ರಾಕ್ಷಿ: ಹಿಮಗಟ್ಟುವವರೆಗೂ ಬಳ್ಳಿಯಲ್ಲೇ ಇರಲಿ

ಕೆನಡಾದ ನಯಾಗರಕ್ಕೆ ಹೋದವರು ಐಸ್‌ವೈನ್ ಹೆಸರು ಕೇಳಿಯೇ ಇರುತ್ತೀರಿ. ಬಳ್ಳಿಯಲ್ಲೇ ಹಿಮಗಟ್ಟಿದ ದ್ರಾಕ್ಷಿಯಿಂದ ಮಾಡುವ ಸಿಹಿ ವೈನ್ ಅದು. ಸಣ್ಣ ಬಾಟಲಿ, ಬೆಲೆ ಜಾಸ್ತಿ. ಅಲ್ಲಿನ ಐಸ್‌ವೈನ್‌ಗೆ ಹೆಚ್ಚಾಗಿ ಬಳಸುವುದು ವಿಡಾಲ್ ಎಂಬ ಬಿಳಿ ದ್ರಾಕ್ಷಿ. 1930ರ ದಶಕದಲ್ಲಿ ಫ್ರಾನ್ಸ್‌ನ ಜ್ಯಾಂ ಲೂಯಿ ವಿಡಾಲ್ ಮಾಡಿದ ಹೈಬ್ರಿಡ್ ತಳಿ ಇದು. ಬ್ರಾಂದಿಗೆಂದು ಹುಟ್ಟಿದ್ದು, ಹೆಸರು ಮಾಡಿದ್ದು ಹಿಮದ ನಾಡಿನಲ್ಲಿ.

ಬೆಳೆಯುವುದು ಹೇಗೆ?

ದಿನವಿಡೀ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಬೇಕು. ಚಳಿ ಕಳೆದ ಮೇಲೆ ಕಸಿ ಗಿಡಗಳನ್ನು 6ರಿಂದ 8 ಅಡಿಗೊಂದರಂತೆ ನೆಟ್ಟು ತಂತಿಗೆ ಹಬ್ಬಿಸಿ. ಮೊದಲೆರಡು ವರ್ಷ ಹಣ್ಣು ಬಿಡಬೇಡಿ, ಬೇರು ಗಟ್ಟಿಯಾಗಲಿ.

ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವುದು, ವರ್ಷಕ್ಕೆ ಒಂದೇ ಸಲ. ನಮ್ಮ ವಿಜಯಪುರದ ಕಡೆ ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಕತ್ತರಿ ಹಾಕುತ್ತಾರೆ. ನಯಾಗರದಲ್ಲಾದರೆ ಬಳ್ಳಿ ಚಳಿಗಾಲವಿಡೀ ಎಲೆ ಉದುರಿಸಿ ಮಲಗಿರುತ್ತದೆ. ಚಿಗುರುವ ಮೊದಲು ಕೆಲವು ಮೊಗ್ಗುಗಳನ್ನು ಬ್ಲೇಡಿನಿಂದ ಅಡ್ಡಕ್ಕೆ ಸೀಳಿ ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ, ಕಂದು ಬಣ್ಣವಿದ್ದರೆ ಚಳಿಗೆ ಸತ್ತಿದೆ. ಸತ್ತ ಮೊಗ್ಗು ಜಾಸ್ತಿ ಕಂಡರೆ ಕಡ್ಡಿಯನ್ನು ಸ್ವಲ್ಪ ಉದ್ದವಾಗಿಯೇ ಬಿಡಿ.

ವಿಡಾಲ್‌ಗೆ ಗೊಂಚಲು ಬಿಡುವ ಆಸೆ ಬಹಳ. ತನ್ನ ಶಕ್ತಿ ಮೀರಿ ಬಿಡುತ್ತದೆ. ಹಾಗೇ ಬಿಟ್ಟರೆ ಹಣ್ಣು ಸರಿಯಾಗಿ ಮಾಗುವುದಿಲ್ಲ, ಬಳ್ಳಿ ಸೊರಗಿ ಮುಂದಿನ ಚಳಿಗೆ ಸೋಲುತ್ತದೆ. ಆದ್ದರಿಂದ ಚಿಗುರಿಗೊಂದು ಗೊಂಚಲು ಉಳಿಸಿ, ಮಿಕ್ಕಿದ್ದನ್ನು ಕತ್ತರಿಸಿ. ಚೆನ್ನಾಗಿರುವ ಗೊಂಚಲನ್ನು ನೆಲಕ್ಕೆ ಹಾಕಲು ಹೊಟ್ಟೆ ಉರಿಯುತ್ತದೆ, ಅಲ್ವಾ? ಆದರೂ ಈ ಕೆಲಸ ತಪ್ಪಿಸಬೇಡಿ. ಗೊಂಚಲಿನ ಸುತ್ತ ಒಂದಿಷ್ಟು ಎಲೆ ತೆಗೆದರೆ ಗಾಳಿಯಾಡಿ ಬೂದಿ ರೋಗ ಕಡಿಮೆಯಾಗುತ್ತದೆ.

ಮಾಮೂಲಿ ವೈನ್‌ಗಾದರೆ ಅಕ್ಟೋಬರ್ ಹೊತ್ತಿಗೆ ಕೊಯ್ಯಬಹುದು. ಐಸ್‌ವೈನ್‌ಗೆ ಬಲೆ ಹೊದಿಸಿ ಕಾಯಬೇಕು. ಇಲ್ಲದಿದ್ದರೆ ಹಕ್ಕಿಗಳು ಖಾಲಿ ಮಾಡುತ್ತವೆ. ವಿಡಾಲ್‌ನ ಸಿಪ್ಪೆ ದಪ್ಪ, ಅದಕ್ಕೇ ಅಷ್ಟು ದಿನ ಒಡೆಯದೆ ನಿಲ್ಲುತ್ತದೆ.

ಉಷ್ಣಾಂಶ ಸೊನ್ನೆಗಿಂತ 8 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಬೇಕು, ಕೆನಡಾದ ನಿಯಮವೇ ಹಾಗಿದೆ. ಸಾಮಾನ್ಯವಾಗಿ ಕೊಯ್ಲು ರಾತ್ರಿ ಹೊತ್ತು. ಹಣ್ಣು ಗೋಲಿಯಂತೆ ಗಟ್ಟಿಯಾಗಿರುತ್ತದೆ. ಕರಗುವ ಮೊದಲೇ, ಆ ಚಳಿಯಲ್ಲೇ ಹಿಂಡಬೇಕು. ನೀರು ಮಂಜುಗಡ್ಡೆಯಾಗಿ ಒಳಗೇ ಉಳಿಯುತ್ತದೆ, ಸಕ್ಕರೆ ತುಂಬಿದ ಮಂದ ರಸವಷ್ಟೇ ಜೋನಿ ಬೆಲ್ಲದಂತೆ ತೊಟ್ಟಿಕ್ಕುತ್ತದೆ. ಅಷ್ಟು ಸಿಹಿಯಲ್ಲಿ ಯೀಸ್ಟ್‌ಗೂ ಕೆಲಸ ಕಷ್ಟ. ಹುದುಗಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕಾಗುತ್ತದೆ.