ಮಂಡಕ್ಕಿ ತರೋ ಕೆಲ್ಸ ಅವರಿಗೇ ಬಿಡಿ: ಸ್ಕಿಜೋಫ್ರೇನಿಯಾ ಇರೋರಲ್ಲಿ ಆತ್ಮವಿಶ್ವಾಸ ತುಂಬೋದು ಹೇಗೆ?

ನಮ್ಮ ಚಿಕ್ಕಪ್ಪಗೆ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸೋದು, ಇಲ್ಲದ್ದನ್ನ ನಿಜ ಅಂತ ನಂಬೋದು, ಇಂಥ ಲಕ್ಷಣ ಇರೋ ಮಾನಸಿಕ ಕಾಯಿಲೆ) ಶುರುವಾಗಿ 20 ವರ್ಷದ ಮೇಲಾಯ್ತು. ಮಾತ್ರೆ ತಪ್ಪಿಸಲ್ಲ, ಕಿವಿಯಲ್ಲಿ ಆ ಇಲ್ಲದ ದನಿ ಕೇಳಿಸೋದೂ ಕಡಿಮೆಯಾಗಿದೆ, ಆದ್ರೂ ಮನೆಗೆ ಯಾರಾದ್ರೂ ಬಂದ್ರೆ ಎದ್ದು ಒಳಗೆ ಹೋಗಿಬಿಡೋರು, ಕೇಳಿದ್ರೆ "ನನ್ ಕೈಲಿ ಏನಾಗುತ್ತೆ ಬಿಡೋ" ಅನ್ನೋರು. ನಾವು ಸಿಕ್ಕಾಪಟ್ಟೆ ಹೊಗಳಿ ನೋಡಿದ್ವಿ. ಸುಮ್ನೆ ಹೇಳ್ತಿದಾರೆ ಅಂತ ಅವರಿಗೆ ಗೊತ್ತಾಗುತ್ತೆ ರೀ.

ಮೊದಲು ಮನೆಯವರು "ಸೋಮಾರಿ" ಅನ್ನೋ ಪದ ಬಿಡಬೇಕು. ಹುಮ್ಮಸ್ಸು ಇಲ್ಲದಿರೋದು, ಮಾತು ಕಡಿಮೆಯಾಗೋದು ಕಾಯಿಲೆಯದೇ ಲಕ್ಷಣ, ಬೆಳಗಿನ ಮಂಪರು ಕೆಲವು ಸಲ ಮಾತ್ರೆಯದ್ದು (ಅದನ್ನ ಡಾಕ್ಟರ್‌ಗೆ ಹೇಳಿ, ನೀವೇ ಮಾತ್ರೆ ನಿಲ್ಲಿಸ್ಬೇಡಿ). ಅವರು ಎದುರಿಗೇ ಕೂತಿರುವಾಗ "ಇವ್ರು ಊಟ ಮಾಡಿದ್ರಾ" ಅಂತ ಪಕ್ಕದವರನ್ನ ಕೇಳೋದೂ ಬೇಡ.

ಆಮೇಲೆ ಒಂದು ಕೆಲ್ಸ ಹುಡುಕಿ. ಟೈಮ್‌ಪಾಸ್‌ಗೆ ಅಲ್ಲ, ಅವರು ಮಾಡ್ಲಿಲ್ಲ ಅಂದ್ರೆ ಮನೆಯಲ್ಲಿ ಯಾರಿಗಾದ್ರೂ ತೊಂದ್ರೆ ಆಗ್ಬೇಕು ಅಂಥದ್ದು. ದಾವಣಗೆರೆಯಲ್ಲಿ ಸಂಜೆ ಮಂಡಕ್ಕಿ ಇಲ್ದೆ ಆಗುತ್ತಾ? ಮೊದಲ ವಾರ ಚಿಕ್ಕಪ್ಪ ಈರುಳ್ಳಿ ಹೆಚ್ಚಿದ್ರು ಅಷ್ಟೇ, ಎರಡನೇ ವಾರ ನನ್ನ ಜೊತೆ ಅಂಗಡಿಗೆ ಬಂದು ಮೂಲೆಯಲ್ಲಿ ನಿಂತ್ರು, ತಿಂಗಳಾದ್ಮೇಲೆ ದುಡ್ಡು ಅವರೇ ಕೊಟ್ರು, ಆಮೇಲೆ ಒಬ್ಬರೇ. ನಡುವೆ ಹತ್ತು ದಿನ ಹೋಗ್ಲೇ ಇಲ್ಲ, ಆಗ ಮತ್ತೆ ಈರುಳ್ಳಿಯಿಂದ ಶುರು. ಹಿಂಗಾಗುತ್ತೆ, ಬೇಜಾರಾಗ್ಬೇಡಿ.

ಒಂದ್ಸಲ ಮೆತ್ತಗಾದ ಮಂಡಕ್ಕಿ ತಂದ್ರು. ಅಜ್ಜಿ "ನೀ ಕೂರು, ನಾನೇ ಹೋಗ್ತೀನಿ" ಅಂತ ಚೀಲ ಕಿತ್ಕೊಂಡ್ಳು, ಪಾಪ ಪ್ರೀತಿಯಿಂದಲೇ. ಆದ್ರೆ ಬೈಗುಳ, ಕೊಂಕು ಇವೆಲ್ಲ ಎಷ್ಟು ಕೆಟ್ಟದ್ದೋ ಅತಿಯಾದ ಕಾಳಜಿನೂ ಅಷ್ಟೇ, ಇಂಥ ಮನೆಗಳಲ್ಲಿ ಕಾಯಿಲೆ ಮರುಕಳಿಸೋದು ಹೆಚ್ಚು ಅಂತ ಮನೋವೈದ್ಯರು ಬಹಳ ಹಿಂದೆಯೇ ಕಂಡ್ಕೊಂಡಿದಾರೆ. ಚೀಲ ವಾಪಸ್ ಅವರ ಕೈಗೇ ಕೊಟ್ವಿ, ಬದಲಾಯಿಸ್ಕೊಂಡು ಬಂದ್ರು.

ದನಿ ಕೇಳ್ತಿದೆ ಅಂದ್ರೆ "ಅದೆಲ್ಲ ಸುಳ್ಳು" ಅಂತ ವಾದ ಬೇಡ, ಹೌದು ಅಂತ ತಲೆ ಆಡಿಸೋದೂ ಬೇಡ. "ನನಗೆ ಕೇಳ್ತಿಲ್ಲ, ನಿನಗೆ ಭಯ ಆಗ್ತಿದ್ಯಾ?" ಅಂದ್ರೆ ಸಾಕು. ಸಾಯ್ಬೇಕು ಅಂತೇನಾದ್ರೂ ಅಂದ್ರೆ ಮಾತ್ರ ಕಾಯ್ಬೇಡಿ, ಆಸ್ಪತ್ರೆಗೆ ಹೊರಡಿ.

ಹೊರಗಿನ ಸಹಾಯನೂ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಲ್ಲಾದ್ರೂ ಫೋನ್ ಮಾಡ್ಬಹುದು, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಕಾಯಿಲೆ ನೋಡೋ ಮನೋಚೈತನ್ಯ ಕ್ಲಿನಿಕ್ ಮಂಗಳವಾರ ಇರುತ್ತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆನೂ ಸೇರಿದೆ, ಅಂಗವಿಕಲತೆ 40% ಅಥವಾ ಅದಕ್ಕಿಂತ ಹೆಚ್ಚು ಅಂತ ಸರ್ಟಿಫಿಕೇಟ್ ಸಿಕ್ರೆ ಸವಲತ್ತಿಗೆ ಅರ್ಜಿ ಹಾಕ್ಬಹುದು. ಸಿಕ್ಕ ದುಡ್ಡಲ್ಲಿ ಸ್ವಲ್ಪನಾದ್ರೂ ಅವರ ಜೇಬಿಗೇ ಹೋಗ್ಲಿ, ಲೆಕ್ಕ ಕೇಳ್ಬೇಡಿ.

ಮೊನ್ನೆ ನೆಂಟರು ಬಂದಾಗ ಚಿಕ್ಕಪ್ಪ ಒಳಗೆ ಹೋದ್ರು. ಮತ್ತೆ ಹಳೇ ಕಥೆ ಅನ್ಕೊಂಡ್ವಿ, ನೋಡಿದ್ರೆ ಚೀಲ ತಗೊಂಡು ಆಚೆ ಬಂದ್ರು, "ಮಿರ್ಚಿ ಎಷ್ಟು ತರ್ಲಿ?"