ಲೋಕಲ್ ರೈಲಿನಲ್ಲಿ ಕಾಗುಣಿತ

ಡೊಂಬಿವಲಿಯಿಂದ ದಾದರ್ ಕಡೆಗೆ ಮುಂಬಯಿಯ ಸ್ಲೋ ಲೋಕಲ್ ಹಿಡಿದರೆ ದಾರಿಯಲ್ಲಿ ಕೋಪರ್, ಕಲ್ವಾ, ಕಾಂಜೂರ್‌ಮಾರ್ಗ್, ಕುರ್ಲಾ ಬರುತ್ತವೆ. ಕೋ, ಕ, ಕಾ, ಕು. ಕಾಗುಣಿತದ ನಾಲ್ಕು ಅಕ್ಷರ ಟಿಕೆಟ್ ದುಡ್ಡಿನಲ್ಲೇ ಸಿಕ್ಕಿತು! ನಾಲ್ಕು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುವಾಗ ನನಗಿದು ಹೊಳೆಯಿತು. ಅದಕ್ಕೂ ಮುಂಚೆ ದಿನವೂ ಸ್ಲೇಟು ಕೊಟ್ಟು 'ಅ' ತಿದ್ದಿಸುತ್ತಿದ್ದೆ. ಅವಳು ಅಳುತ್ತಿದ್ದಳು.

ಓದು ಶುರುವಾಗುವುದು ಕಿವಿಯಿಂದ. ಕಣ್ಣು ಆಮೇಲೆ, ಕೈ ಎಲ್ಲಕ್ಕಿಂತ ಕೊನೆಗೆ. ಮೂರರಿಂದ ಐದು ವರ್ಷದ ಮಕ್ಕಳಿರುವ ಮನೆಯವರು ಈ ಕ್ರಮವನ್ನು ತಪ್ಪಿಸಬಾರದು.

ಮೊದಲು ಚಪ್ಪಾಳೆ

ಸ್ಟೇಷನ್ ಬಂದಾಗ ಹೆಸರನ್ನು ಒಡೆದು ಹೇಳಿ, ಒಂದೊಂದು ತುಂಡಿಗೂ ಒಂದು ಚಪ್ಪಾಳೆ ತಟ್ಟಿ. ದಾ-ದರ್ ಎರಡು. ಮಾ-ಟುಂ-ಗಾ ಮೂರು. ಡೊಂ-ಬಿ-ವ-ಲಿ ನಾಲ್ಕು. ಮಗುವಿನ ಹೆಸರಿಗೆ, ಅಜ್ಜಿಯ ಹೆಸರಿಗೆ, ಬಸಳೆ ಸೊಪ್ಪಿಗೂ ತಟ್ಟಿ. ಕನ್ನಡದ ಅಕ್ಷರ ಎಂದರೆ ಬಹುತೇಕ ಉಚ್ಚಾರದ ಒಂದು ತುಂಡೇ. ಹಾಗಾಗಿ ತುಂಡು ಕೇಳಿಸಿಕೊಳ್ಳಲು ಬಂದ ಮಗುವಿಗೆ ಮುಂದೆ ಅಕ್ಷರ ಅಪರಿಚಿತವಾಗುವುದಿಲ್ಲ.

ಇದು ರೂಢಿಯಾದ ಮೇಲೆ ಜೋಡಿ ಹುಡುಕಿಸಿ. ವಿಕ್ರೋಲಿ, ವಿದ್ಯಾವಿಹಾರ್ ಎರಡೂ 'ವಿ'ಯಿಂದ ಶುರು. ಕೋಪರ್, ಘಾಟ್ಕೋಪರ್ ಎರಡರ ಬಾಲವೂ ಒಂದೇ. 'ಮು'ದಿಂದ ಶುರುವಾಗುವ ಸ್ಟೇಷನ್ ಯಾವುದು ಎಂದು ಕೇಳಿದರೆ ಮುಂಬ್ರಾ ದಾಟುವಷ್ಟರಲ್ಲಿ ಉತ್ತರ ಬಂದಿರುತ್ತದೆ, ಮುಲುಂಡ್‌ನಲ್ಲಿ ಇನ್ನೊಮ್ಮೆ. ತಪ್ಪಿದರೆ ತಿದ್ದಲು ಹೋಗಬೇಡಿ. ಸರಿಯಾದದ್ದನ್ನು ನೀವೇ ಜೋರಾಗಿ ಹೇಳಿ, ಆಟ ಮುಂದುವರಿಸಿ.

ಮುಂಬಯಿಯ ಮಕ್ಕಳಿಗೆಂದೇ ಇನ್ನೊಂದು ಆಟ ಬೇಕು. ಇಲ್ಲಿ ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಹೆಚ್ಚಾಗಿ ಇಂಗ್ಲಿಷ್. ಮರಾಠಿಯ ಬಾರಾಖಡಿಯೂ ನಮ್ಮ ಕಾಗುಣಿತವೂ ಒಂದೇ ಜಾಡಿನವು, ಕ-ಖ-ಗ-ಘ ಸಾಲೂ ಅದೇ, 'ಳ' ಕೂಡ ಎರಡರಲ್ಲೂ ಇದೆ. ಆದ್ದರಿಂದ ಒಂದು ಇನ್ನೊಂದಕ್ಕೆ ನೆರವಾಗುತ್ತದೆ. ಗೊಂದಲವಾದೀತೆಂದು ಮನೆಯಲ್ಲಿ ಕನ್ನಡ ಬಿಡುವುದು ಬೇಡವೇ ಬೇಡ. ಆದರೆ ಎ-ಏ, ಒ-ಓ ಎಂಬ ಗಿಡ್ಡ-ಉದ್ದದ ಭೇದ ಮರಾಠಿ ಬರಹದಲ್ಲಿ ಇಲ್ಲ. ಅದನ್ನು ಅಡುಗೆಮನೆಯಲ್ಲಿ ಕಲಿಸಬಹುದು. 'ಬೇಳೆ ಕೊಡು' ಎಂದರೆ ಡಬ್ಬಿ ಕೊಡಬೇಕು, 'ಬೆಳೆ' ಎಂದರೆ ಕೈ ಮೇಲೆತ್ತಿ ಪೈರಿನಂತೆ ನಿಲ್ಲಬೇಕು. ಕೊಡು-ಕೋಡು ಆಟವಾದರೆ ಎರಡು ಬೆರಳು ಹಣೆಗೆ ಹೋಗುತ್ತವೆ. ಹತ್ತು ನಿಮಿಷ ಸಾಕು. ಮಗು ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸಿ.

ಆಮೇಲೆ ಅಕ್ಷರ

49 ಅಕ್ಷರಗಳನ್ನು ಅ-ಆ-ಇ-ಈ ಸಾಲಿನಲ್ಲೇ ಕಲಿಸಬೇಕೆಂಬ ಹಟ ಬೇಡ. ಕರ್ನಾಟಕದ ಸರ್ಕಾರಿ ಶಾಲೆಗಳ ನಲಿ-ಕಲಿ ಎಂಬ ಕಲಿಕಾ ಪದ್ಧತಿ, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು, ರ-ಗ-ಸ-ದ-ಅ ಎಂದು ಆರಂಭಿಸುತ್ತದೆ. ಬರೆಯಲು ಸುಲಭವಾದ ಈ ಐದೇ ಅಕ್ಷರಗಳಲ್ಲಿ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲ ಸಿಗುತ್ತವೆ. ಮೊದಲ ವಾರವೇ ಮಗು ಪದ ಓದುತ್ತದೆ ಎಂಬುದು ಸಣ್ಣ ಸಂಗತಿಯಲ್ಲ. ಜ-ವ-ಮ-ಬ-ನ ಸೇರಿದರೆ ಮರ, ಜನ, ವನ.

ಚಪಾತಿ ಹಿಟ್ಟನ್ನು ಕೋಡುಬಳೆಗೆ ಹೊಸೆದಂತೆ ಉದ್ದಕ್ಕೆ ಹೊಸೆದು ಕೊಡಿ. ನಮ್ಮ ಅಕ್ಷರಗಳು ಗುಂಡಗಿರುವುದರಿಂದ 'ರ' ಎರಡೇ ತಿರುವಿನಲ್ಲಿ ಆಗುತ್ತದೆ. ತಟ್ಟೆಯಲ್ಲಿ ರವೆ ಹರಡಿ ಬೆರಳಿನಿಂದ ಬರೆಸಿ. ಪೆನ್ಸಿಲ್ ಸದ್ಯಕ್ಕೆ ದೂರವಿರಲಿ, ಬೆರಳುಗಳಿಗೆ ಇನ್ನೂ ಆ ಬಲ ಬಂದಿಲ್ಲ. ಅಕ್ಷರ ತಿರುಗುಮುರುಗಾದರೆ ಗಾಬರಿ ಬೇಡ, ಈ ವಯಸ್ಸಿನಲ್ಲಿ ಅದು ಸಹಜ. ಮ-ಯ, ದ-ಧ ಇಂಥ ಹೋಲುವ ಜೋಡಿಗಳನ್ನು ಮಾತ್ರ ಒಂದೇ ದಿನ ತೋರಿಸಬೇಡಿ. ಹಿಂದಿನಿಂದ ಕರೆದರೆ ಮಗು ಮತ್ತೆ ಮತ್ತೆ ತಿರುಗದೇ ಹೋದರೆ ಅಥವಾ ಅದರ ಮಾತು ಹೊರಗಿನವರಿಗೆ ತಿಳಿಯದಿದ್ದರೆ, ಆಟದ ಜೊತೆಗೆ ಕಿವಿಯನ್ನೂ ವೈದ್ಯರಿಗೆ ತೋರಿಸಿ.

ಮನೆಯಲ್ಲೇ ಒಂದು ಪುಸ್ತಕ

ರಾತ್ರಿ ಅದೇ ಕಥೆಯನ್ನು ಮಗು ಹತ್ತನೇ ಸಲ ಕೇಳಿದರೂ ಓದಿ. ಸಾಲಿನ ಕೆಳಗೆ ಬೆರಳು ಓಡುತ್ತಿರಲಿ, ಗೊತ್ತಿರುವ ಪದ ಬಂದಾಗ ನೀವು ತಡೆಯಿರಿ, ಅದು ಹೇಳಲಿ.

ಕನ್ನಡ ಪುಸ್ತಕ ಹತ್ತಿರದ ಅಂಗಡಿಯಲ್ಲಿ ಸಿಗಲಿಲ್ಲವೆಂದು ಸುಮ್ಮನಿರಬೇಡಿ. ನಾಲ್ಕು ಹಾಳೆ ಮಡಚಿ ನಡುವೆ ಹೊಲಿಯಿರಿ. ಪುಟಕ್ಕೊಂದು ಫೋಟೋ ಅಂಟಿಸಿ, ಕೆಳಗೆ ಒಂದೇ ಪದ ಬರೆಯಿರಿ: ಊರ ಮನೆಯ ಮುಂದಿನದು 'ಮರ', ಅಜ್ಜಿಯ ಕೊರಳಲ್ಲಿರುವುದು 'ಸರ'. ಮೇ ರಜೆಯಲ್ಲಿ ಊರಿಗೆ ಹೊರಡುವಾಗ ಆ ಪುಸ್ತಕ ಮಗುವಿನ ಚೀಲದಲ್ಲೇ ಇರಲಿ. ಅಜ್ಜಿಗೆ ಓದಿ ಹೇಳುವ ಕೆಲಸ ಅದರದ್ದು.